ಮಧುಗಿರಿ ಉಪವಿಭಾಗದಲ್ಲಿ ಕೈಗಾರಿಕೆ ಮತ್ತು ವ್ಯಾಪಾರಗಳ ಆಡಳಿತ: ಸುಂಕದ ಕಚೇರಿಯಿಂದ ಸೌರ ಉದ್ಯಾನದವರೆಗೆ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಆಡಳಿತದ ದೃಷ್ಟಿಯಿಂದ ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿ ನದಿಗಳು ಈ ಸೀಮೆಯಲ್ಲಿ ಹರಿಯುತ್ತವೆಯಾದರೂ ಇವು ಮಳೆಗಾಲದಲ್ಲಿ ಮಾತ್ರ ನೀರು ಕಾಣುವ ನದಿಗಳು. ಕಲ್ಲುಬೆಟ್ಟಗಳು, ಕುರುಚಲು ಕಾವಲುಗಳು, ಕೆರೆಯನ್ನು ನಂಬಿದ ಬೇಸಾಯ ಇಲ್ಲಿಯ ಸಾಮಾನ್ಯ ಲಕ್ಷಣ. ಪಾವಗಡ ತಾಲ್ಲೂಕಂತೂ ಬಹುಪಾಲು ಆಂಧ್ರಪ್ರದೇಶದ ನೆಲದಿಂದಲೇ ಸುತ್ತುವರಿಯಲ್ಪಟ್ಟಿದೆ. ಬೇಸಾಯವೊಂದರಿಂದಲೇ ಬದುಕು ಸಾಗದ ಇಂತಹ ನಾಡಿನಲ್ಲಿ ಕಬ್ಬಿಣ ಕರಗಿಸುವುದು, ಕಂಬಳಿ ನೇಯುವುದು, ಬಟ್ಟೆಗೆ ಬಣ್ಣ ಹಾಕುವುದು, ಗಾಣವಾಡಿಸುವುದು, ಸರಕು ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುವುದು ಇವೆಲ್ಲ ಜನರ ಅನಿವಾರ್ಯ ವೃತ್ತಿಗಳಾಗಿದ್ದುವು. ಈ ವೃತ್ತಿಗಳ ಇತಿಹಾಸವನ್ನು ಕುರಿತು ಗೆಜೆಟಿಯರುಗಳಲ್ಲಿ ಹಾಗೂ ಪ್ರವಾಸಿಗಳ ಬರಹಗಳಲ್ಲಿ ಸಾಕಷ್ಟು ಮಾಹಿತಿ ದೊರೆಯುತ್ತದೆ. ಆದರೆ ಆಳುವ ಸರ್ಕಾರಗಳು ಈ ವೃತ್ತಿಗಳ ಹೊಣೆಯನ್ನು ಯಾವ ಯಾವ ಕಚೇರಿಗೆ ಒಪ್ಪಿಸಿದ್ದುವು, ಆ ಹಂಚಿಕೆಯಿಂದ ಕಸುಬುದಾರನಿಗೆ ಆದ ಲಾಭ ನಷ್ಟಗಳೇನು ಎಂಬ ಪ್ರಶ್ನೆಯತ್ತ ವಿದ್ವಾಂಸರ ಗಮನ ಅಷ್ಟಾಗಿ ಹರಿದಿಲ್ಲ. ಪ್ರಸ್ತುತ ಲೇಖನದಲ್ಲಿ ಆ ದಿಸೆಯಲ್ಲಿ ಕೆಲವು ಅಂಶಗಳನ್ನು ಪರಿಶೀಲಿಸಲಾಗಿದೆ.

ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರುಗಳು ಪದೇ ಪದೇ ಕಾಣಬರುತ್ತವೆ. ಇವು ಒಂದೇ ಸುಂಕದ ಹಲವು ಹೆಸರುಗಳಲ್ಲ. ಬೇರೆ ಬೇರೆ ಬಾಬುಗಳು. ಅವುಗಳ ವಸೂಲಿಗೆ ಪ್ರತ್ಯೇಕ ಅಧಿಕಾರಿಗಳಿದ್ದರೆಂಬುದೂ ಶಾಸನಗಳಿಂದಲೇ ತಿಳಿಯುತ್ತದೆ. ಮಗ್ಗದೆರೆ, ಗಾಣದೆರೆಗಳಂತಹ ಕಸುಬಿನ ತೆರಿಗೆಗಳು ಹೆಚ್ಚಾಗಿ ಊರಿನ ಮಟ್ಟದಲ್ಲಿ ನಿರ್ಧಾರವಾಗುತ್ತಿದ್ದುವು. ಪಟ್ಟಣದ ವ್ಯಾಪಾರದ ಕಟ್ಟುಪಾಡುಗಳನ್ನು ನೋಡಿಕೊಳ್ಳುವವನು ಪಟ್ಟಣಸ್ವಾಮಿ. ದೂರದ ವ್ಯಾಪಾರವು ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು ಮುಂತಾದ ವಣಿಕ ಸಂಘಗಳ ಹಿಡಿತದಲ್ಲಿತ್ತು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಅಥವಾ ಹೆಂಜೇರು, ಅನಂತರದ ನಿಡುಗಲ್ಲಿನ ಚೋಳರ ನೆಲೆ ಇವೆರಡೂ ಈ ಪ್ರದೇಶದಲ್ಲಿಯೇ ಅಥವಾ ಅದರ ಅಂಚಿನಲ್ಲಿಯೇ ಇದ್ದುದರಿಂದ ಇಲ್ಲಿಯ ವ್ಯಾಪಾರವೂ ಇದೇ ಚೌಕಟ್ಟಿನಲ್ಲಿ ನಡೆಯಿತೆಂದು ಭಾವಿಸಬಹುದು. ಆ ಕಾಲದ ಪ್ರಭುತ್ವ ಸುಂಕವನ್ನು ಮಾತ್ರ ತನ್ನದೆಂದು ಭಾವಿಸಿತ್ತು. ಉದ್ಯಮವನ್ನು ಬೆಳೆಸುವುದು ಅದರ ಕರ್ತವ್ಯವಾಗಿರಲಿಲ್ಲ. ಕೆರೆ ಕಟ್ಟಿಸುವುದನ್ನು ಧರ್ಮವೆಂದು ತಿಳಿದ ಅರಸರು ಮಗ್ಗ ಹೂಡಿಸುವುದನ್ನು ಹಾಗೆ ತಿಳಿದಂತೆ ತೋರುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಪರಿಸ್ಥಿತಿ ಜಟಿಲವಾಯಿತು. ರತ್ನಗಿರಿಯ ನಾಯಕರಿಂದ ಸ್ಥಾಪಿತವಾದ ಸಿರಾ 1638ರ ಸುಮಾರಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನ ವಶವಾಯಿತು. 1687ರಲ್ಲಿ ಮೊಗಲರು ಬಂದು ಅದನ್ನು ಒಂದು ಸುಬಾದ ಕೇಂದ್ರವನ್ನಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳು ಅದರ ನೇರ ಆಡಳಿತಕ್ಕೆ ಒಳಪಟ್ಟವು. ಮೊಗಲರ ಪದ್ಧತಿಯಲ್ಲಿ ಸೇನೆ ಮತ್ತು ಶಾಂತಿಪಾಲನೆ ಒಬ್ಬ ಅಧಿಕಾರಿಯದು, ಹಣಕಾಸು ದಿವಾನನದು. ಭೂಕಂದಾಯ ಒಂದು ಬಾಬು. ಭೂಮಿಯಿಂದಲ್ಲದೆ ಸರಕು, ಸಂತೆ, ಕಸುಬುಗಳಿಂದ ಬರುವ ಹುಟ್ಟುವಳಿಯೆಲ್ಲ ‘ಸಾಯರ್’ ಎಂಬ ಇನ್ನೊಂದು ಬಾಬು. ಈ ಶಬ್ದ ಮೈಸೂರಿನ ಆಡಳಿತ ಭಾಷೆಯಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದುಬಂದಿತು. 

ಅತ್ತ ಮೈಸೂರಿನ ಚಿಕ್ಕದೇವರಾಜ ಒಡೆಯರು 1678ರಲ್ಲಿ ಮಧುಗಿರಿಯನ್ನು ಗೆದ್ದುಕೊಂಡಿದ್ದರು. ಹೀಗಾಗಿ ಆ ಶತಮಾನದ ಕೊನೆಯ ವೇಳೆಗೆ ಮಧುಗಿರಿ ಶ್ರೀರಂಗಪಟ್ಟಣಕ್ಕೂ, ಸಿರಾ ದೆಹಲಿಗೂ ಲೆಕ್ಕ ಒಪ್ಪಿಸುತ್ತಿದ್ದುವು. ಪಾವಗಡ ನಿಡುಗಲ್ಲುಗಳ ಭಾಗ ಪಾಳೆಯಗಾರರ ಕೈಯಲ್ಲಿತ್ತು. ಒಂದು ದಿನದ ದಾರಿಯಲ್ಲಿ ಸರಕು ಹೇರಿದ ಎತ್ತು ಮೂರು ಪ್ರಭುತ್ವಗಳ ಸುಂಕದ ಕಟ್ಟೆಗಳನ್ನು ಎದುರಿಸಬೇಕಾಗುತ್ತಿತ್ತು.

ಚಿಕ್ಕದೇವರಾಜ ಒಡೆಯರು ತಮ್ಮ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದುದು ಕರ್ನಾಟಕದ ಆಡಳಿತ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಇದೇ ‘ಅಠಾರ ಕಚೇರಿ’. ಔರಂಗಜೇಬನ ಆಸ್ಥಾನಕ್ಕೆ ಹೋಗಿದ್ದ ರಾಯಭಾರಿಗಳು ಅಲ್ಲಿ ಕಂಡ ವ್ಯವಸ್ಥೆಯನ್ನು ಅನುಸರಿಸಿ ಇದನ್ನು ರೂಪಿಸಲಾಯಿತೆಂದು ವಿಲ್ಕ್ಸ್ ಬರೆದಿದ್ದಾನೆ. ಆತನು ಕೊಡುವ ಪಟ್ಟಿಯನ್ನು ಕೈಗಾರಿಕೆ ವ್ಯಾಪಾರಗಳ ದೃಷ್ಟಿಯಿಂದ ಗಮನಿಸಿದರೆ ಕುತೂಹಲಕರವಾದ ಅಂಶಗಳು ಗೋಚರಿಸುತ್ತವೆ. ಸುಂಕಕ್ಕೆ ಒಂದು ಕಚೇರಿ. ಕಬ್ಬಿಣಕ್ಕೆ ಒಂದು ಕಚೇರಿ. ಹೊಗೆಸೊಪ್ಪಿಗೆ ಒಂದು ಕಚೇರಿ. ಅರಮನೆಯ ದನಕರುಗಳಿಗೆ ಬೆಣ್ಣೆ ಚಾವಡಿ. ಬಟ್ಟೆಗೆ, ಕಂಬಳಿಗೆ, ಎಣ್ಣೆಗೆ ಪ್ರತ್ಯೇಕ ಕಚೇರಿಗಳಿಲ್ಲ. ಕಬ್ಬಿಣ ಯುದ್ಧಕ್ಕೆ ಬೇಕು. ಹೊಗೆಸೊಪ್ಪು ರಾಜಧಾನಿಯಲ್ಲಿ ಅರಸರ ಏಕಸ್ವಾಮ್ಯದ ಸರಕು. ಯಾವುದರಿಂದ ಬೊಕ್ಕಸಕ್ಕೆ ಅಥವಾ ಸೇನೆಗೆ ನೇರವಾದ ಪ್ರಯೋಜನವಿತ್ತೋ ಅದಕ್ಕೆ ಕಚೇರಿ ದೊರೆಯಿತು. ಉಳಿದುದೆಲ್ಲ ಸುಂಕದ ಕಚೇರಿಯ ಪಾಲಿಗೆ ಬಂದಿತು. ಈ ವಿಂಗಡಣೆಯ ಹೆಸರು ಎಷ್ಟು ಬಾಳಿತೆಂದರೆ, 1868ರಲ್ಲಿ ಬೆಂಗಳೂರಿನಲ್ಲಿ ಕಮಿಷನರರ ಸರ್ಕಾರಕ್ಕೆ ಕಟ್ಟಿ ಮುಗಿಸಿದ, ಇಂದು ಉಚ್ಚ ನ್ಯಾಯಾಲಯವಿರುವ ಕೆಂಪು ಕಟ್ಟಡವನ್ನೂ ಜನ ಅಠಾರ ಕಚೇರಿಯೆಂದೇ ಕರೆದರು.

ಕಬ್ಬಿಣದ ಕಚೇರಿಗೂ ಮಧುಗಿರಿ ಸೀಮೆಗೂ ಇರುವ ಸಂಬಂಧವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತ. 1800ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗಗಳ ಸುತ್ತ ಕಬ್ಬಿಣ ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಇಲ್ಲಿ ಗಣಿ ತೋಡುವ ಪ್ರಮೇಯವೇ ಇರಲಿಲ್ಲ. ಮಳೆಗಾಲದಲ್ಲಿ ಬೆಟ್ಟಗಳಿಂದ ಇಳಿಯುವ ಹಳ್ಳಗಳು ಕಪ್ಪು ಮರಳನ್ನು ಹೊತ್ತು ತರುತ್ತಿದ್ದುವು. ಆ ಮರಳನ್ನು ಕೂಡಿಟ್ಟು, ತೊಳೆದು, ಇದ್ದಿಲಿನೊಡನೆ ಮಣ್ಣಿನ ಕುಲುಮೆಯಲ್ಲಿ ಹಾಕಿ, ತಿದಿಯೊತ್ತಿ ಕಬ್ಬಿಣ ಕರಗಿಸಲಾಗುತ್ತಿತ್ತು. ಇದು ವರ್ಷವಿಡೀ ನಡೆಯುವ ಉದ್ಯಮವಲ್ಲ; ಉಳಿದ ತಿಂಗಳುಗಳಲ್ಲಿ ಕುಲುಮೆಯವರು ಬೇಸಾಯವನ್ನೋ ಬೇರೆ ಕೂಲಿಯನ್ನೋ ಮಾಡುತ್ತಿದ್ದರು. ನೇಗಿಲ ಕುಳ, ಕುಡುಗೋಲು, ಬಂಡಿಯ ಪಟ್ಟಿಗಳಿಗೆ ಬೇಕಾದ ಕಬ್ಬಿಣ ಇಲ್ಲಿಂದಲೇ ಒದಗುತ್ತಿತ್ತು. ಪ್ರಭುತ್ವದ ಕಣ್ಣಿಗೆ ಇದು ಒಂದು ಬಾಬು ಮಾತ್ರ. ಆದರೆ ಕುಲುಮೆಯವನ ದೃಷ್ಟಿಯಲ್ಲಿ ಮರಳು, ಸೌದೆ, ಇದ್ದಿಲು, ಕುಲುಮೆ, ಸಂತೆ ಇವು ಬೇರ್ಪಡಿಸಲಾಗದ ಒಂದು ಸರಪಳಿ. ಮುಂದೆ ಇದೇ ಸರಪಳಿ ತುಂಡಾಯಿತು.

ಹೈದರಾಲಿಯ ಕಾಲದಲ್ಲಿ ಮಧುಗಿರಿ ಸುತ್ತಲಿನ ಸೀಮೆಗೆ ಮುಖ್ಯ ಪಟ್ಟಣವಾಗಿ, ದೊಡ್ಡ ಪೇಟೆಯಾಗಿ ಬೆಳೆಯಿತು. ನೂರು ಮನೆ ನೇಯಿಗೆಯವರಿದ್ದರೆಂಬ ಹೇಳಿಕೆಯಿದೆ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಸೆರೆಯಿರಿಸಿದ್ದ ಕೋಟೆಯೂ ಇದೇ. ಮರಾಠರ ದಾಳಿಗಳಿಂದ ಈ ಪೇಟೆ ಮತ್ತೆ ಮತ್ತೆ ಹಾಳಾಯಿತು. ಟಿಪ್ಪು ಸುಲ್ತಾನನು ವ್ಯಾಪಾರವನ್ನು ರಾಜ್ಯದ ಕೆಲಸವೆಂದೇ ಪರಿಗಣಿಸಿದ ಮೊದಲ ಅರಸನೆಂದರೆ ತಪ್ಪಾಗಲಾರದು. 1793 ಮತ್ತು 1794ರಲ್ಲಿ ಆತ ಹೊರಡಿಸಿದ ವಾಣಿಜ್ಯ ನಿಯಮಗಳ ಪ್ರಕಾರ ಒಂಬತ್ತು ಮಂದಿ ಅಧಿಕಾರಿಗಳ ಮಂಡಲಿಯೊಂದಕ್ಕೆ ರಾಜ್ಯದ ವ್ಯಾಪಾರದ ಉಸ್ತುವಾರಿಯನ್ನು ಒಪ್ಪಿಸಲಾಯಿತು. ರಾಜ್ಯದ ಒಳಗೂ ಹೊರಗೂ ಸರ್ಕಾರದ ಕೋಠಿಗಳು ತೆರೆದುವು. ಪ್ರಜೆಗಳು ಈ ವ್ಯಾಪಾರದಲ್ಲಿ ಹಣ ತೊಡಗಿಸಲು ಅವಕಾಶವಿತ್ತು; ಸಣ್ಣ ಮೊತ್ತ ಇಟ್ಟವರಿಗೆ ಲಾಭದ ಪ್ರಮಾಣ ಹೆಚ್ಚು, ದೊಡ್ಡ ಮೊತ್ತ ಇಟ್ಟವರಿಗೆ ಕಡಿಮೆ ಎಂಬುದು ಆ ನಿಯಮಗಳಲ್ಲಿಯ ಗಮನಾರ್ಹ ಅಂಶ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ‘ತಾರಾಮಂಡಲ’ಗಳೆಂಬ ಕಾರ್ಖಾನೆಗಳಿದ್ದುವು.

ಆದರೆ ಇದರ ಇನ್ನೊಂದು ಮುಖವನ್ನು ಸಿರಾ ಕಂಡಿತು. ರಾಜಧಾನಿಯ ಬಳಿ ತಾನು ಕಟ್ಟಿಸಿದ ಗಂಜಾಮಿಗೆ ಜನವಸತಿ ಒದಗಿಸಲು ಟಿಪ್ಪು ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ಹೇಳಲಾಗಿದೆ. ಸಂಖ್ಯೆಯ ಬಗೆಗೆ ಚರ್ಚೆಗೆ ಅವಕಾಶವಿದ್ದರೂ, ಸುಬಾದ ಕೇಂದ್ರವಾಗಿ ಮೆರೆದಿದ್ದ ಪಟ್ಟಣ ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಸೊರಗಿಹೋಗಿದ್ದುದು ನಿಜ. ಕಸುಬನ್ನು ಕಸುಬಿನ ಊರಿನಿಂದ ಬೇರ್ಪಡಿಸಿದರೆ ಅದು ಹೊಸ ಊರಿನಲ್ಲಿ ಚಿಗುರಬಹುದು, ಹಳೆಯ ಊರಿನಲ್ಲಿ ಮತ್ತೆ ಚಿಗುರುವುದು ಕಷ್ಟ. ಸಿರಾದ ಚಿತ್ತಾರದ ಬಟ್ಟೆಯ ನೇಯಿಗೆ ಒಂದು ಕಾಲದಲ್ಲಿ ಹೆಸರಾಗಿತ್ತು. ಅಗ್ಗದ ವಿಲಾಯಿತಿ ಬಟ್ಟೆ ಬಂದ ಮೇಲೆ ಅದು ನಾಮಾವಶೇಷವಾಯಿತೆಂದು ಗೆಜೆಟಿಯರುಗಳು ಹೇಳುತ್ತವೆ. ಉಳಿದುದು ಕುರುಬರ ಕಂಬಳಿ.

1831ರಲ್ಲಿ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತಕ್ಕೆ ಒಳಪಟ್ಟ ಮೇಲೆ ಸಾಯರ್ ಬಾಬಿನ ಶುದ್ಧೀಕರಣ ನಡೆಯಿತು. ಅದಕ್ಕೆ ಮುಂಚೆ ಸಾಯರನ್ನು ಇಜಾರೆಗೆ ಕೊಡುವ ಪದ್ಧತಿಯಿತ್ತು. ಇಜಾರೆದಾರನಿಗೆ ತಾನು ಕೂಗಿದ ಮೊತ್ತ ಹುಟ್ಟಬೇಕು. ಮಗ್ಗ, ಗಾಣ, ಅಂಗಡಿ, ಮನೆಗಳ ಮೇಲಿನ ಮೊಹತರ್ಫಾ ತೆರಿಗೆ ಬೇರೆ. ಮಾರ್ಕ್ ಕಬ್ಬನ್ನನ ಕಾಲದಲ್ಲಿ ಇಂತಹ 769 ಚಿಲ್ಲರೆ ತೆರಿಗೆಗಳು ರದ್ದಾದುವೆಂದು ಲೆಕ್ಕ ಹೇಳಲಾಗಿದೆ. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿದ್ದ ಡಾಬ್ಸನ ಕೇಂದ್ರ ಸ್ಥಾನ ತುಮಕೂರೇ ಆಗಿದ್ದುದರಿಂದ ಈ ಸೀಮೆಯ ಸಂತೆಗಳಿಗೆ ಇದರ ಪರಿಣಾಮ ಬೇಗನೆ ತಟ್ಟಿರಬೇಕು. ತೆರಿಗೆ ರದ್ದಾಯಿತು, ಆದರೆ ಕಸುಬಿನ ಹೊಣೆ ಹೊರುವ ಇಲಾಖೆಯೊಂದೂ ಹುಟ್ಟಲಿಲ್ಲ. ಹುಟ್ಟಿದುದು ಬೇರೊಂದು. 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. ಮರ ಕಡಿಯುವುದಕ್ಕೂ ಇದ್ದಿಲು ಸುಡುವುದಕ್ಕೂ ಕಟ್ಟುಪಾಡುಗಳು ಬಂದುವು. ಕಾಡನ್ನು ಉಳಿಸುವ ದೃಷ್ಟಿಯಿಂದ ಅವು ಅಗತ್ಯವಾಗಿದ್ದುವೆಂಬುದನ್ನು ಅಲ್ಲಗಳೆಯುವಂತಿಲ್ಲ. ಕುಲುಮೆಯವನ ಪಾಲಿಗೆ ಮಾತ್ರ ಮರಳು ಕಂದಾಯದವರದೂ ಇದ್ದಿಲು ಅರಣ್ಯದವರದೂ ಆಯಿತು. ಇದೇ ವೇಳೆಗೆ ಇಂಗ್ಲೆಂಡಿನಿಂದ ಬಂದ ಕಬ್ಬಿಣದ ಪಟ್ಟಿಗಳು ರೈಲಿನಲ್ಲಿ ಬೆಂಗಳೂರಿಗೆ, ಅಲ್ಲಿಂದ ಬಂಡಿಗಳಲ್ಲಿ ಸಂತೆಗಳಿಗೆ ಬರತೊಡಗಿದುವು. ಮಧುಗಿರಿ, ಪಾವಗಡಗಳ ಕಪ್ಪು ಮರಳಿನ ಕುಲುಮೆಗಳು ಒಂದೊಂದಾಗಿ ಆರಿದುವು. ಇವು ಆರಿದುದಕ್ಕೆ ಇಂತಹ ಇಲಾಖೆ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಉಳಿಸಿಕೊಳ್ಳಬೇಕಾಗಿದ್ದ ಇಲಾಖೆ ಇಂತಹುದೆಂದೂ ತೋರಿಸಲಾಗದು. ಮೈಸೂರು ಸಂಸ್ಥಾನ ಮತ್ತೆ ಕಬ್ಬಿಣಕ್ಕೆ ಕೈಹಾಕಿದುದು 1923ರಲ್ಲಿ, ಭದ್ರಾವತಿಯಲ್ಲಿ, ಇದ್ದಿಲಿನಿಂದಲೇ. ಆದರೆ ಆಗ ಕಾಡೂ ಕಾರ್ಖಾನೆಯೂ ಸರ್ಕಾರದ್ದೇ ಆಗಿದ್ದುವು.

ಕೈಗಾರಿಕೆ ವ್ಯಾಪಾರಗಳಿಗೆಂದೇ ಒಂದು ಇಲಾಖೆ ಬೇಕೆಂಬ ವಿಚಾರ ಭಾರತದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪ ತಳೆಯಿತು. ಕರ್ಜನ್ನನ ಕಾಲದಲ್ಲಿ, 1905ರಲ್ಲಿ, ಭಾರತ ಸರ್ಕಾರವು ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಯನ್ನು ತೆರೆಯಿತು. ಮೈಸೂರಿನಲ್ಲಿ 1911ರಲ್ಲಿ ಸ್ಥಾಪಿತವಾದ ಆರ್ಥಿಕ ಸಮ್ಮೇಳನವು ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ಸಮಿತಿಗಳ ಮೂಲಕ ಕೆಲಸ ಮಾಡಿತು. ಮರುವರ್ಷ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು 1913ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯನ್ನು ಸ್ಥಾಪಿಸಿದರು. ಮದರಾಸಿನಲ್ಲಿ ಹೆಸರು ಮಾಡಿದ್ದ ಆಲ್ಫ್ರೆಡ್ ಚಾಟರ್ಟನ್ ಅದರ ನಿರ್ದೇಶಕರಾದರು. ಅದೇ ಕಾಲದಲ್ಲಿ ವ್ಯವಸಾಯ ಇಲಾಖೆಯನ್ನು ಲೆಸ್ಲಿ ಕೋಲ್ಮನ್ನರ ಕೈಗೆ ಒಪ್ಪಿಸಿ ವಿಸ್ತರಿಸಲಾಯಿತು. ಜಿಲ್ಲೆ ತಾಲ್ಲೂಕುಗಳಲ್ಲಿಯೂ ಪ್ರಗತಿ ಸಮಿತಿಗಳು ಏರ್ಪಟ್ಟುವು. ಸುಂಕ ವಸೂಲು ಮಾಡದ, ಕಸುಬನ್ನು ಬೆಳೆಸುವುದಕ್ಕಾಗಿಯೇ ಸಂಬಳ ಪಡೆಯುವ ಅಧಿಕಾರಿಯೊಬ್ಬನು ಈ ನಾಡಿನ ಚರಿತ್ರೆಯಲ್ಲಿ ಕಾಣಿಸಿಕೊಂಡುದು ಇದೇ ಮೊದಲು.

ಒಂದು ಇಲಾಖೆ ಹುಟ್ಟಿದೊಡನೆಯೇ ಅದರ ಗಡಿಯ ಪ್ರಶ್ನೆಯೂ ಹುಟ್ಟುತ್ತದೆ. ಹಿಪ್ಪುನೇರಳೆ ಬೆಳೆಯೇ, ಕೈಗಾರಿಕೆಯೇ? ಸಂಸ್ಥಾನದ ಕಾಲದಿಂದಲೂ ಈ ಪ್ರಶ್ನೆ ಇದ್ದೇ ಇದೆ. ಇಂದು ಮಧುಗಿರಿ ಅಥವಾ ಕೊರಟಗೆರೆಯ ರೈತನ ತೋಟದಲ್ಲಿ ಗೂಡು ಕಟ್ಟುವವರೆಗೆ ಅದು ರೇಷ್ಮೆ ಇಲಾಖೆಗೆ ಸೇರಿದ್ದು. ಗೂಡು 1959ರ ಕಾನೂನಿನ ಪ್ರಕಾರ ನಿಯಂತ್ರಿತ ಮಾರುಕಟ್ಟೆಯಲ್ಲಿಯೇ ಮಾರಾಟವಾಗಬೇಕು. ನೂಲಾಗಿ ಮಗ್ಗಕ್ಕೇರಿದೊಡನೆ ಕೈಮಗ್ಗ ಮತ್ತು ಜವಳಿ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ಮೇಲೆ ಕೇಂದ್ರದ ಜವಳಿ ಮಂತ್ರಾಲಯಕ್ಕೆ ಸೇರಿದ ರೇಷ್ಮೆ ಮಂಡಳಿಯಿದೆ. ಇಷ್ಟಾದರೂ ರೇಷ್ಮೆಯ ವಿಷಯದಲ್ಲಿ ಪ್ರತಿ ಹಂತಕ್ಕೂ ಒಬ್ಬ ಒಡೆಯನಿದ್ದಾನೆ, ಹಂತದಿಂದ ಹಂತಕ್ಕೆ ದಾಟಿಸುವ ನಿಯಮವೂ ಇದೆ. ಆ ಕಾರಣದಿಂದಲೇ ರೇಷ್ಮೆ ಉಳಿಯಿತು.

ಕಂಬಳಿಯ ಸ್ಥಿತಿ ಹಾಗಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ, ಅದರಲ್ಲಿಯೂ ಸಿರಾ ಸೀಮೆಯಲ್ಲಿ, ಕುರಿ ಸಾಕಣೆ ಹಾಗೂ ಕಂಬಳಿ ನೇಯಿಗೆಗಳು ಒಂದೇ ಮನೆಯ ಎರಡು ಕೆಲಸಗಳು. ಗಂಡಸರು ಕುರಿ ಕಾಯುತ್ತಾರೆ, ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಹೆಂಗಸರು ರಾಟೆಯಲ್ಲಿ ನೂಲು ತೆಗೆಯುತ್ತಾರೆ. ಹಾಸಿಗೆ ಹುಣಸೆ ಬೀಜದ ಗಂಜಿ ಬಳಿದು ಬಿರುಸು ಮಾಡಿ ಕುಣಿಮಗ್ಗದಲ್ಲಿ ನೇಯುತ್ತಾರೆ. ಮಧುಗಿರಿ, ಕೊರಟಗೆರೆ, ಪಾವಗಡಗಳ ಹೊಲದ ಬದುಗಳಲ್ಲಿ ಹುಣಸೆ ಮರಗಳಿಗೆ ಕೊರತೆಯಿಲ್ಲ. ಹಣ್ಣು ಮಂಡಿಗೆ ಹೋದರೆ ಬೀಜ ಮಗ್ಗಕ್ಕೆ ಬರುತ್ತಿತ್ತು. ಮಳೆ, ಚಳಿ, ಬಿಸಿಲು ಮೂರನ್ನೂ ತಡೆಯುವ ಈ ಕರಿಯ ಕಂಬಳಿ ರೈತನ ಹೊದಿಕೆ, ಕೊಪ್ಪೆ, ಕಾಳು ಹೊರುವ ಗಂಟು ಎಲ್ಲವೂ ಆಗಿತ್ತು. ಮದುವೆ ಹಬ್ಬಗಳಲ್ಲಿ ಕಂಬಳಿ ಗದ್ದುಗೆಗೆ ಇರುವ ಗೌರವ ಹಳೆಯದು.

ಈ ಒಂದು ಮನೆಯ ಕೆಲಸ ಸರ್ಕಾರದ ಕಡತದಲ್ಲಿ ಎಷ್ಟು ಭಾಗವಾಗಿದೆಯೆಂಬುದನ್ನು ನೋಡಬೇಕು. ಕುರಿ ಪಶುಸಂಗೋಪನೆ ಇಲಾಖೆಗೆ ಸೇರಿದ್ದು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಅದೇ ಇಲಾಖೆಯ ಅಡಿಯಲ್ಲಿದೆ. ಕುರಿ ಮೇಯುವ ಕಾವಲು ಕಂದಾಯ ಇಲಾಖೆಯದು, ಕೆಲವೆಡೆ ಅರಣ್ಯ ಇಲಾಖೆಯದು. ಮಗ್ಗ ಕೈಮಗ್ಗ ಇಲಾಖೆಯದು. ಅದೇ ನೂಲನ್ನು ಖಾದಿ ಎಂದು ಕರೆದರೆ 1956ರ ಕೇಂದ್ರ ಕಾನೂನಿನಿಂದ ರಚಿತವಾದ ಖಾದಿ ಆಯೋಗ ಹಾಗೂ ರಾಜ್ಯದ ಖಾದಿ ಗ್ರಾಮೋದ್ಯೋಗ ಮಂಡಳಿಯ ವಿಷಯ. ನೇಕಾರರು ಸಂಘ ಕಟ್ಟಿಕೊಂಡರೆ ಅದರ ನೋಂದಣಿ, ಲೆಕ್ಕ ಪರಿಶೋಧನೆ, ಚುನಾವಣೆ ಸಹಕಾರ ಇಲಾಖೆಯ ಕಾನೂನಿಗೆ ಒಳಪಡುತ್ತವೆ. ಸಂತೆ ಸ್ಥಳೀಯ ಸಂಸ್ಥೆಯದು. 1985ರ ಕೈಮಗ್ಗ ಮೀಸಲಾತಿ ಕಾನೂನಿನಡಿ ಕಂಬಳಿ ಮೀಸಲು ವಸ್ತುಗಳ ಪಟ್ಟಿಯಲ್ಲಿದೆ. ವಿದ್ಯುತ್ ಮಗ್ಗದಲ್ಲಿ ಅದನ್ನು ನೇಯಬಾರದೆಂಬ ಕಟ್ಟಳೆಯನ್ನು ಜಾರಿಗೊಳಿಸುವವರು ಮತ್ತೆ ಬೇರೆ ಅಧಿಕಾರಿಗಳು.

ಪ್ರತಿಯೊಂದು ಇಲಾಖೆಯೂ ತನ್ನ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿದರೂ ಒಟ್ಟು ಫಲ ಕೆಡಬಹುದೆಂಬುದಕ್ಕೆ ಇದು ನಿದರ್ಶನ. ಪಶುಸಂಗೋಪನೆಯವರ ಗುರಿ ಕುರಿಗಾರನ ಆದಾಯ ಹೆಚ್ಚಿಸುವುದು. ಆದಾಯ ಬರುವುದು ಮಾಂಸದಿಂದ. ಆದುದರಿಂದ ಮಾಂಸ ಹೆಚ್ಚು ಬರುವ ತಳಿಗಳಿಗೆ ಪ್ರಾಶಸ್ತ್ಯ ದೊರೆಯಿತು. ಇವುಗಳಲ್ಲಿ ಹಲವಕ್ಕೆ ಮೈತುಂಬ ಕೂದಲಿದೆ, ಉಣ್ಣೆಯಿಲ್ಲ. ಕುರಿಗಾರನಿಗೂ ಇದರಿಂದ ನಷ್ಟವಿಲ್ಲ. ಸಿರಾದ ಕುರಿ ಸಂತೆಯಲ್ಲಿ ಬೆಲೆ ಕಟ್ಟುವುದು ತೂಕಕ್ಕೆ, ಉಣ್ಣೆಗಲ್ಲ. ಅತ್ತ ಕೈಮಗ್ಗ ಇಲಾಖೆ ಮಗ್ಗಕ್ಕೆ ಸಹಾಯಧನವನ್ನು ಮಂಜೂರು ಮಾಡುತ್ತದೆ. ಮಗ್ಗಕ್ಕೆ ಬೇಕಾದ ಕರಿಯ ಉಣ್ಣೆ ಎಲ್ಲಿಂದ ಬರಬೇಕೆಂಬುದು ಆ ಇಲಾಖೆಯ ಕಡತದಲ್ಲಿರುವುದಿಲ್ಲ. ಕಂಬಳಿಯನ್ನು ನಿಲ್ಲಿಸಬೇಕೆಂದು ಯಾರೂ ತೀರ್ಮಾನಿಸಲಿಲ್ಲ. ಉಳಿಸಬೇಕೆಂದು ತೀರ್ಮಾನಿಸುವ ಅಧಿಕಾರವೂ ಒಬ್ಬರ ಬಳಿ ಇಲ್ಲ. ಕಪ್ಪು ಮರಳಿನ ಕುಲುಮೆಗಳಿಗೆ ಆದುದು ನೂರು ವರ್ಷಗಳ ಅನಂತರ ಕುಣಿಮಗ್ಗಕ್ಕೂ ಆಗುತ್ತಿರುವುದನ್ನು ಇಲ್ಲಿ ಕಾಣಬಹುದು.

ಇಂತಹ ತೊಡಕುಗಳ ಅರಿವು ಸರ್ಕಾರಗಳಿಗೆ ಇರಲಿಲ್ಲವೆಂದಲ್ಲ. ಸಂವಿಧಾನದ 166ನೆಯ ಅನುಚ್ಛೇದದಂತೆ ಕರ್ನಾಟಕ ಸರ್ಕಾರವು 1977ರಲ್ಲಿ ಕಾರ್ಯ ಹಂಚಿಕೆ ನಿಯಮಗಳನ್ನು ರಚಿಸಿತು. ಯಾವ ವಿಷಯ ಯಾವ ಇಲಾಖೆಗೆ ಸೇರಿದ್ದೆಂಬುದಕ್ಕೆ ಈ ನಿಯಮಗಳೇ ಆಧಾರ. ಅಠಾರ ಕಚೇರಿಯ ಇಂದಿನ ರೂಪವೆಂದು ಇವನ್ನು ಕರೆಯಬಹುದು. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರದಲ್ಲಿ ಜಾರ್ಜ್ ಫರ್ನಾಂಡಿಸರು ಮಂಡಿಸಿದ ಕೈಗಾರಿಕಾ ನೀತಿಯು ಸಣ್ಣ ಉದ್ಯಮಿಗೆ ಬೇಕಾದುದೆಲ್ಲ ಜಿಲ್ಲೆಯಲ್ಲಿ ಒಂದೇ ಸೂರಿನಡಿ ದೊರೆಯಬೇಕೆಂದು ಹೇಳಿತು. ಅದರಂತೆ 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಯೋಜನೆ ಆರಂಭವಾಯಿತು. ತುಮಕೂರಿನ ಕೇಂದ್ರ ಈ ನಾಲ್ಕು ತಾಲ್ಲೂಕುಗಳಿಗೂ ಸೇರಿದ್ದು. ತಾಲ್ಲೂಕು ಮಟ್ಟದಲ್ಲಿ ಕೈಗಾರಿಕಾ ವಿಸ್ತರಣಾಧಿಕಾರಿಯೊಬ್ಬರು ಇರುತ್ತಾರೆ. ಒಂದೇ ಸೂರೆಂಬುದು ಸಲಹೆಯ ಮಟ್ಟಿಗೆ ನಿಜವಾಯಿತು. ಜಮೀನಿಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಶೆಡ್ಡಿಗೆ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಸಾಲಕ್ಕೆ ಹಣಕಾಸು ಸಂಸ್ಥೆ ಅಥವಾ ಬ್ಯಾಂಕು, ವಿದ್ಯುತ್ತಿಗೆ ವಿದ್ಯುತ್ ಕಂಪನಿ ಇವೆಲ್ಲ ಸೂರಿನ ಹೊರಗೇ ಉಳಿದುವು. ಪಾವಗಡದಿಂದ ತುಮಕೂರಿಗೆ ಹೋಗಿ ಬರುವುದೆಂದರೆ ಒಂದು ಇಡೀ ದಿನದ ಕೆಲಸ ಎಂಬುದನ್ನೂ ಇಲ್ಲಿ ನೆನೆಯಬೇಕು. 1993ರ ಪಂಚಾಯತ್ ರಾಜ್ ಅಧಿನಿಯಮವು ಸಣ್ಣ ಹಾಗೂ ಗ್ರಾಮೋದ್ಯೋಗಗಳನ್ನೂ ಸಂತೆ ಜಾತ್ರೆಗಳನ್ನೂ ಪಂಚಾಯತಿಗಳ ವಿಷಯವನ್ನಾಗಿ ಮಾಡಿತು. 2002ರ ಕೈಗಾರಿಕಾ ಸೌಲಭ್ಯ ಅಧಿನಿಯಮದಿಂದ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ಬಂದಿತು. ಗವಾಕ್ಷಿ ಒಂದಾಯಿತಾದರೂ ಅದರ ಹಿಂದಿನ ಕೋಣೆಗಳು ಮೊದಲಿನಂತೆಯೇ ಇದ್ದುವು.

ವ್ಯಾಪಾರದ ಪಾಡು ಬೇರೆಯಲ್ಲ. ಪಾವಗಡದ ಶೇಂಗಾ ಹೊಲದಲ್ಲಿರುವಾಗ ಕೃಷಿ ಇಲಾಖೆಯದು, ಮಂಡಿಗೆ ಬಂದಾಗ 1966ರ ಕಾನೂನಿನಂತೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯದು, ಗಾಣಕ್ಕೆ ಹೋದಾಗ ಕೈಗಾರಿಕಾ ಇಲಾಖೆಯದು. ಎಣ್ಣೆಯಂಗಡಿಯ ತಕ್ಕಡಿಯನ್ನು ಪರೀಕ್ಷಿಸುವುದು ಕಾನೂನು ಮ���ಪನ ಇಲಾಖೆ, ಅಂಗಡಿಯ ನೋಂದಣಿ ಕಾರ್ಮಿಕ ಇಲಾಖೆಯದು, ವ್ಯಾಪಾರದ ಪರವಾನಗಿ ಪುರಸಭೆ ಅಥವಾ ಪಂಚಾಯತಿಯದು, ತೆರಿಗೆ ಹಣಕಾಸಿನದು. ಊರ ಬಾಗಿಲಿನ ಸುಂಕದ ಕಟ್ಟೆಯ ಕೊನೆಯ ಕುರುಹಾಗಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯದ ಗಡಿಯ ತಪಾಸಣಾ ಕಟ್ಟೆಗಳೂ ಎದ್ದುವು. ಮೂರು ದಿಕ್ಕಿಗೂ ಆಂಧ್ರವಿರುವ ಪಾವಗಡದ ವರ್ತಕನಿಗೆ ಇದು ಸಣ್ಣ ಬದಲಾವಣೆಯಲ್ಲ.

ಹಂಚಿಕೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗಿರುವುದು ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ. ಕೇಂದ್ರದ ಸೌರಶಕ್ತಿ ನಿಗಮ ಹಾಗೂ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ ಕೂಡಿ 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದುವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ಉದ್ಯಾನ ರೂಪುಗೊಂಡಿತು. ಅದರ ಮೊದಲ ಹಂತಕ್ಕೆ 2018ರ ಮಾರ್ಚಿನಲ್ಲಿ ಚಾಲನೆ ದೊರೆಯಿತು. 2019ರ ಕೊನೆಗೆ ಉತ್ಪಾದನಾ ಸಾಮರ್ಥ್ಯ 2,050 ಮೆಗಾವ್ಯಾಟ್ ತಲುಪಿತು. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದುದು ಈ ಯೋಜನೆಯ ವೈಶಿಷ್ಟ್ಯ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ 5ರಂತೆ ಹೆಚ್ಚಳ, 28 ವರ್ಷಗಳ ಅವಧಿ. ಮಳೆ ಬಾರದ ವರ್ಷ ಬಿತ್ತಿದ ಬೀಜವೂ ಹಿಂದಿರುಗದ ಹೊಲಕ್ಕೆ ಇದು ಖಚಿತವಾದ ಆದಾಯ. ರೈತರ ಒಡೆತನವೂ ಉಳಿಯಿತು. ಭೂಸ್ವಾಧೀನದ ಕಹಿ ಅನುಭವಗಳಿರುವ ನಾಡಿನಲ್ಲಿ ಇದೊಂದು ಒಳ್ಳೆಯ ಮಾದರಿಯೆಂಬ ಮೆಚ್ಚುಗೆ ಯೋಗ್ಯವಾದುದೇ.

ಆದರೆ ಈ ಉದ್ಯಾನ ಯಾವ ಇಲಾಖೆಗೆ ಸೇರಿದ್ದು? ಇಷ್ಟು ದೊಡ್ಡ ಉದ್ಯಮವಾದರೂ ಅದು ಜಿಲ್ಲಾ ಕೈಗಾರಿಕಾ ಕೇಂದ್ರದ್ದಲ್ಲ, ಇಂಧನ ಇಲಾಖೆಯದು. ಕೈಗಾರಿಕಾ ಪ್ರದೇಶವಾಗಿದ್ದರೆ ಸ್ಥಳೀಯರಿಗೆ ಉದ್ಯೋಗ, ಪೂರಕ ಘಟಕಗಳು, ತರಬೇತಿ ಎಂಬ ಪ್ರಶ್ನೆಗಳನ್ನು ಕೇಳಲು ಪರಿಚಿತವಾದ ಬಾಗಿಲೊಂದಿರುತ್ತಿತ್ತು. ವಿದ್ಯುತ್ ಯೋಜನೆಯ ಅಳತೆ ಮೆಗಾವ್ಯಾಟು ಮತ್ತು ದರ, ಕೆಲಸಗಾರರ ಸಂಖ್ಯೆಯಲ್ಲ. ಫಲಕಗಳನ್ನು ನೆಟ್ಟ ಮೇಲೆ ಬೇಕಾದುದು ಕಾವಲುಗಾರರು, ಹುಲ್ಲು ಕೀಳುವವರು, ಫಲಕ ತೊಳೆಯುವವರು ಮಾತ್ರ. ಭೂಮಿಯಿದ್ದವನಿಗೆ ಗುತ್ತಿಗೆಯ ಹಣ ಬರುತ್ತದೆ. ಶೇಂಗಾ ಕೀಳುವ, ಬಿಡಿಸುವ ಕೂಲಿಯನ್ನು ನಂಬಿದ್ದ ಭೂರಹಿತ ಹೆಂಗಸರಿಗೆ ಹೊಲವೇ ಇಲ್ಲವಾಯಿತು. ಅವರ ನಷ್ಟವನ್ನು ಲೆಕ್ಕ ಹಾಕುವುದು ಕೃಷಿ ಇಲಾಖೆಯ ಕೆಲಸವಲ್ಲ, ಏಕೆಂದರೆ ಆ ಭೂಮಿಯಲ್ಲಿ ಈಗ ಕೃಷಿಯಿಲ್ಲ. ಕಾರ್ಮಿಕ ಇಲಾಖೆಯದೂ ಅಲ್ಲ, ಏಕೆಂದರೆ ಅವರು ಯಾವ ಸಂಸ್ಥೆಯ ಕಾರ್ಮಿಕರೂ ಅಲ್ಲ. ಇಂಧನ ಇಲಾಖೆಯದಂತೂ ಅಲ್ಲ.

ಸುಗ್ಗಿ ಮುಗಿದ ಹೊಲಗಳಲ್ಲಿ ಮತ್ತು ಬೀಳು ಬಿದ್ದ ನೆಲದಲ್ಲಿ ಕುರಿ ಮೇಯಿಸುವುದು ಈ ಸೀಮೆಯ ಹಳೆಯ ರೂಢಿ. ಹೊಲದವನಿಗೆ ಗೊಬ್ಬರ, ಕುರಿಯವನಿಗೆ ಮೇವು. ಇದಕ್ಕೆ ಕಾಗದ ಪತ್ರಗಳಿರಲಿಲ್ಲ. ಉದ್ಯಾನದ ಬೇಲಿಯೊಳಗೆ ಈ ರೂಢಿ ನಡೆಯುವಂತಿಲ್ಲ. ಮೇವಿನ ನೆಲ ಕಿರಿದಾದುದರಿಂದ ಹಿಂಡನ್ನು ಕಡಿಮೆ ಮಾಡಬೇಕಾಗಿ ಬಂದ ಕುರಿಗಾರರ ಕಡತ ತೆರೆಯುವುದಾದರೆ ಅದು ಪಶುಸಂಗೋಪನೆಯಲ್ಲಿ ತೆರೆಯಬೇಕೆ, ಕಂದಾಯದಲ್ಲಿ ತೆರೆಯಬೇಕೆ, ಇಂಧನದಲ್ಲಿ ತೆರೆಯಬೇಕೆ ಎಂಬುದಕ್ಕೆ ಕಾರ್ಯ ಹಂಚಿಕೆಯಲ್ಲಿ ಸ್ಪಷ್ಟವಾದ ಉತ್ತರವಿಲ್ಲ. 28 ವರ್ಷಗಳ ಗುತ್ತಿಗೆ ಪತ್ರದಲ್ಲಿ ಪಕ್ಷಗಾರರು ಇಬ್ಬರು: ಭೂಮಿಯ ಒಡೆಯ ಮತ್ತು ನಿಗಮ. ಅದೇ ಭೂಮಿಯಲ್ಲಿ ತಲೆಮಾರುಗಳಿಂದ ಹಿಂಡು ನಡೆಸಿದವನ ಹೆಸರು ಬರೆಯಲು ಅದರಲ್ಲಿ ಜಾಗವಿಲ್ಲ.